ಲೋಹದ ಮನುಷ್ಯನಿಗೆ ಕಟ್ಟಿದ ಸ್ವರ

"ಆ ಡಬ್ಬಿಗೆ ಏನು ಬಂದಿದೆ ರೋಗ?" ಸ್ಟುಡಿಯೋ ಕ್ಯಾಂಟೀನಿನ ಸಾಲಿನಲ್ಲಿ ನಿಂತು ಅವಳು ಎಡಿಟರ್ ಮೇಲೆ ರೇಗುತ್ತಿದ್ದಳು. "ಇಷ್ಟು ದಿನ ನೆಟ್ಟಗೆ ನಡೀತಿದ್ದ. ಈ ಸಲ ನೋಡಿದ್ರೆ ಕಾಲೆಳ್ಕೊಂಡು ಹೋಗ್ತಿದ್ದಾನೆ. ನಾನು ಹಾಕಿದ್ದ ತಾಳವೆಲ್ಲ ಹಳ್ಳ ಹಿಡೀತು."

"ಹೊಸ ಬೂಟು ಕಚ್ತಿತ್ತು," ಎಂದಿತು ಬೆನ್ನ ಹಿಂದಿನಿಂದ ಒಂದು ದನಿ.

ತಿರುಗಿ ನೋಡಿದಳು. ಖಾಲಿ ತಟ್ಟೆ ಹಿಡಿದು ಒಬ್ಬ ನಿಂತಿದ್ದ. ಬೆವರಿಗೆ ಅಂಟಿದ ಕೂದಲು, ಹಣೆಗೆ ಅಡ್ಡಲಾಗಿ ಏನೋ ಒತ್ತಿದ ಕೆಂಪು ಗೆರೆ. ನಗು ತಡೆದುಕೊಳ್ಳಲು ಕೆಳತುಟಿ ಕಚ್ಚಿಕೊಂಡಿದ್ದ.

"ನಾನೇ ಆ ಡಬ್ಬಿ," ಎಂದ.

ಎಡಿಟರ್‌ಗೆ ಇದ್ದಕ್ಕಿದ್ದಂತೆ ಚಮಚ ಬೇಕಾಯಿತು. ಅತ್ತ ಜಾರಿಕೊಂಡ.

ಅವಳು ಟಿವಿ ಧಾರಾವಾಹಿಯೊಂದಕ್ಕೆ ಸಂಗೀತ ಮಾಡುತ್ತಿದ್ದಳು. ಆಕಾಶನೌಕೆಯೊಂದರಲ್ಲಿ ಬದುಕುವವರ ಕಥೆ ಅದು. ಅದರಲ್ಲೊಬ್ಬ ಲೋಹದ ಮನುಷ್ಯ, ಅವನಿಗೆ ಮಾತಿಲ್ಲ. ಅವನ ಸಿಟ್ಟು, ಸಂಕೋಚ, ಪ್ರಶ್ನೆ ಎಲ್ಲವೂ ಅವಳ ಸಿಂಥಸೈಜರಿನಿಂದಲೇ ಬರಬೇಕು. ಅವನು ಸುಮ್ಮನೆ ನಿಂತರೆ ಒಂದು ತಗ್ಗುದನಿಯ ಗುಂಯ್‌ಗುಡುವಿಕೆ. ತಲೆಯೆತ್ತಿದರೆ ಅವಳು ಒಂದು ಗುಂಡಿಯನ್ನು ಮೆಲ್ಲಗೆ ತಿರುಗಿಸುವಳು. ಮಂಕಾಗಿದ್ದ ಸ್ವರ ಕಣ್ಣುಬಿಟ್ಟಂತೆ ಬೆಳಗುವುದು. ಕೆಲಸವೆಲ್ಲ ಮನೆಯ ಹಿಂದಿನ ಕೋಣೆಯಲ್ಲೇ. ಚಿತ್ರ ಬರುತ್ತಿತ್ತು, ಸಂಗೀತ ಹೋಗುತ್ತಿತ್ತು. ಅವನ ಕತ್ತಿನ ಓರೆ, ತಿರುಗುವ ಮೊದಲು ಎಡಭುಜ ಒಂಚೂರು ಏಳುವುದು, ಎಲ್ಲ ಅವಳಿಗೆ ಬಾಯಿಪಾಠ. ಆದರೆ ಆ ಲೋಹದ ವೇಷದೊಳಗೊಂದು ಮುಖ ಇರುತ್ತದೆ ಎಂದು ಯೋಚಿಸಿರಲೇ ಇಲ್ಲ.

"ಕ್ಷಮಿಸಿ," ಎಂದಳು. ಕಿವಿ ಬಿಸಿಯಾಗಿತ್ತು.

"ಕ್ಷಮಿಸೋದು ಆಮೇಲೆ. ನನ್ನ ದನಿ ನೀವೇ ಅಲ್ವಾ? ಟ್ಯೂನು ಮೊದಲೇ ಕೇಳಿಸಿದ್ರೆ ಅದಕ್ಕೆ ಸರಿಯಾಗಿ ನಡೀತೀನಿ."

ಮುಂದಿನ ಭಾನುವಾರ ಅವನು ಮನೆಗೆ ಬಂದ. ಬಾಗಿಲು ತೆಗೆದದ್ದು ಅಕ್ಕ. "ಓ, ನೀವಾ! ಇವಳ ಕೋಣೆಯಲ್ಲಿ ಮಿಕ್ಸಿಗೂ ಫ್ರಿಜ್ಜಿಗೂ ಜಗಳ ಆದ ಹಾಗೆ ಕೇಳ್ಸುತ್ತಲ್ಲ, ಅದು ನೀವೇನಾ?" ಎಂದು ಒಳಗೆ ಕರೆದಳು.

ಸಿಂಥಸೈಜರ್ ಹಳೆಯದು, ಯಾರೋ ಬಳಸಿ ಮಾರಿದ್ದು. ಬಿಸಿಯಾದರೆ ಶ್ರುತಿ ತಪ್ಪುತ್ತಿತ್ತು. ಅದು ತಣ್ಣಗಾಗುವವರೆಗೆ ಇಬ್ಬರೂ ಕಾಯಬೇಕು, ಕಾಯುವಾಗ ಮಾತಾಡಬೇಕು. ಮೊದಮೊದಲು ಅವಳಿಗೆ ಅದೊಂದು ಕಿರಿಕಿರಿ. ಬರುಬರುತ್ತಾ ಅದು ಬೇಗ ಬಿಸಿಯಾಗಲಿ ಎನ್ನಿಸತೊಡಗಿತು.

ವೈರುಗಳ ನಡುವೆ ಜಾಗ ಮಾಡಿಕೊಂಡು ಅವನು ನಡೆಯುತ್ತಿದ್ದ, ಅವಳು ನುಡಿಸುತ್ತಿದ್ದಳು. ಅವನು ತಿರುಗಿದಾಗ ಸ್ವರ ಜಾರಬೇಕು. ಒಮ್ಮೆ ಅವಳ ಕೈ ಗುಂಡಿಯ ಮೇಲೇ ನಿಂತುಬಿಟ್ಟಿತು. ತಿರುಗಿದವನ ಕಣ್ಣು ನೇರ ಅವಳ ಕಣ್ಣಿಗೇ ಬಂದಿತ್ತು.

"ಸ್ವರ ಎಲ್ಲಿ?" ಎಂದ.

"ಲೋಹದ ಮನುಷ್ಯ ಹಾಗೆಲ್ಲ ನೋಡಲ್ಲ."

"ನಾನು ಹೇಗೆ ನೋಡಿದೆ?"

"ಗೊತ್ತಿಲ್ದೇ ಇರೋರ ಹಾಗೆ ಕೇಳ್ಬೇಡಿ," ಎಂದು ಅವಳು ತಲೆ ತಗ್ಗಿಸಿ, ಬೇಕಿಲ್ಲದ ಒಂದು ಗುಂಡಿ ತಿರುಗಿಸಿದಳು. ಕೋಣೆಯ ತುಂಬ ಬಸ್ಸಿನ ಹಾರನ್ನಿನಂಥ ಸದ್ದಾಯಿತು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಹೀಗೆ ನಡೆಯುತ್ತಿರುವಾಗ ಒಂದು ದಿನ ನಿರ್ಮಾಪಕರು ಅವಳನ್ನು ಆಫೀಸಿಗೆ ಕರೆಸಿ ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದರು. ಪರದೆಯ ಮೇಲೆ ಅದೇ ಲೋಹದ ಮನುಷ್ಯ ಮೆಟ್ಟಿಲು ಹತ್ತುತ್ತಿದ್ದ. ಆದರೆ ಎಡಭುಜ ಏಳಲಿಲ್ಲ.

"ಪೂರ್ತಿ ಕಂಪ್ಯೂಟರ್‌ನಲ್ಲೇ ಮಾಡಿದ್ದು," ಎಂದರು ಹೆಮ್ಮೆಯಿಂದ. "ಮುಂದಿನ ಸೀಸನ್‌ನಿಂದ ಇವನೇ. ಸಂಗೀತ ನೀವೇ ಮಾಡಿ. ಸದ್ಯಕ್ಕೆ ನಿಮ್ಮನ್ನು ಬಿಟ್ಟು ಯಾರಿಗೂ ಗೊತ್ತಿಲ್ಲ, ಬಾಯಿ ಬಿಡಬೇಡಿ."

ನಾಟಕ ತಂಡವೊಂದು ಅವನನ್ನು ಕರೆದಿತ್ತು. ಧಾರಾವಾಹಿಯ ಮುಂದಿನ ಸೀಸನ್ ಇದೆಯಲ್ಲ ಎಂದುಕೊಂಡು ಅವನು ಅವರಿಗೆ ಆಗಲ್ಲ ಅನ್ನುವವನಿದ್ದ, ಅದೂ ನಾಳೆಯೇ. ಬಾಯಿ ಮುಚ್ಚಿಕೊಂಡಿದ್ದರೆ ಅವಳ ಕೆಲಸ ಉಳಿಯುತ್ತಿತ್ತು, ಅವನು ಎರಡೂ ಕಡೆ ಇಲ್ಲದವನಾಗುತ್ತಿದ್ದ. ಆಫೀಸಿನ ಮೆಟ್ಟಿಲು ಇಳಿಯುತ್ತಲೇ ಫೋನ್ ಮಾಡಿದಳು.

"ನಾಟಕದವರಿಗೆ ಹೂಂ ಅನ್ನಿ. ಯಾಕೆ ಅಂತ ಹೇಳ್ತೀನಿ, ಕೋಪ ಮಾಡ್ಕೋಬೇಡಿ."

ಅವನು ಅವಳ ಮೇಲೆ ಕೋಪ ಮಾಡಿಕೊಳ್ಳಲಿಲ್ಲ. ಆದರೆ ನಿರ್ಮಾಪಕರ ಎದುರು ಹೋಗಿ ನಿಂತು, ನನಗೊಂದು ಮಾತು ಹೇಳಬಾರದಿತ್ತೇ ಎಂದು ಕೇಳಿಬಿಟ್ಟ. ಯಾರು ಹೇಳಿದ್ದು ಅಂತ ಎಷ್ಟು ಕೆದಕಿದರೂ ಅವಳ ಹೆಸರೆತ್ತಲಿಲ್ಲ. ಎತ್ತಬೇಕಾಗಿಯೂ ಇರಲಿಲ್ಲ. ಸಂಜೆಯೊಳಗೆ ಧಾರಾವಾಹಿ ಅವಳ ಕೈತಪ್ಪಿತು.

ಅವತ್ತಿನಿಂದ ಅವನ ಫೋನಿಲ್ಲ. ಇವಳು ಮಾಡಿದರೆ ಎತ್ತುತ್ತಿರಲಿಲ್ಲ. ಕೆಲಸ ಹೋದದ್ದಕ್ಕೂ ಅವಳಿಗೆ ಇಷ್ಟು ಅಳು ಬಂದಿರಲಿಲ್ಲ.

"ಫೋನನ್ನ ಹಾಗೆ ದಿಟ್ಟಿಸಿದ್ರೆ ಅದೇನು ಮೊಟ್ಟೆ ಇಡುತ್ತಾ?" ಎಂದಳು ಅಕ್ಕ. "ಎದ್ದು ಹೋಗಿ ಕೇಳೇ, ಮಾರಾಯ್ತಿ."

ಹೋದಳು. ಹಳೆಯ ಕಟ್ಟಡದ ಮೇಲಿನ ಮಹಡಿ. ಅವನ ಅತ್ತಿಗೆ ಬಾಗಿಲು ತೆಗೆದು, ಒಂದೇ ನೋಟದಲ್ಲಿ ಇವಳು ಯಾರೆಂದು ಅರ್ಥಮಾಡಿಕೊಂಡು, "ಒಳಗಿದ್ದಾನೆ, ಹೋಗಮ್ಮಾ. ಮೂರು ಹೊತ್ತೂ ಗೋಡೆ ನೋಡ್ತಾ ಕೂತಿದ್ದಾನೆ," ಎಂದು ಅಡುಗೆಮನೆಗೆ ಸರಿದಳು.

ಅವನು ಗಾಬರಿಯಿಂದ ಎದ್ದ.

"ನನ್ನ ಕೆಲಸಾನೂ ಕಳೆದ್ರಿ, ಫೋನೂ ಎತ್ತಲ್ಲ. ಏನು ನ್ಯಾಯ ಇದು?" ಎಂದಳು.

"ನೀವು ನನಗೆ ಒಳ್ಳೇದು ಮಾಡಿದ್ರಿ. ನಾನು ದುಡುಕಿ ನಿಮ್ಮನ್ನ ಮುಳುಗಿಸಿದೆ. ಇನ್ನು ಯಾವ ಮುಖ ಇಟ್ಕೊಂಡು ನಿಮ್ಮ ಮುಂದೆ ಬರಲಿ?"

"ಇರೋ ಮುಖಾನೇ ಇಟ್ಕೊಂಡು ಬನ್ನಿ. ನನಗೆ ನೋಡಬೇಕು ಅನ್ಸೋದು ಅದನ್ನೇ."

ಹೇಳಿಯಾಗಿತ್ತು, ವಾಪಸ್ ತೆಗೆದುಕೊಳ್ಳುವ ಮಾತಲ್ಲ ಅದು, ತೆಗೆದುಕೊಳ್ಳುವ ಮನಸ್ಸೂ ಇರಲಿಲ್ಲ.

"ನಾಟಕದವರ ಜೊತೆ ಊರೂರು ತಿರುಗಬೇಕು," ಎಂದ ಅವನು. "ತಿಂಗಳುಗಟ್ಟಲೆ ಇಲ್ಲಿ ಇರಲ್ಲ."

"ಗೊತ್ತು. ಹೋಗಿ ಬನ್ನಿ ಅಂತ ಹೇಳಿದ್ದೇ ನಾನಲ್ವಾ? ನನಗೂ ಇನ್ನೊಂದು ಚಾನೆಲ್‌ನವರು ಬನ್ನಿ ಅಂದಿದ್ದಾರೆ. ಇವರ ಕಥೇಲಿ ಸಮುದ್ರದ ತಳದಲ್ಲಿ ಮನೆ ಕಟ್ಕೊಂಡಿರ್ತಾರಂತೆ. ಸದ್ಯ, ಅಲ್ಲಿ ಯಾರೂ ನಡೆಯಲ್ಲ, ಬರೀ ಈಜ್ತಾರೆ."

ಅವನು ನಕ್ಕ. ನಗುತ್ತಲೇ ಹತ್ತಿರ ಬಂದು, ಏನು ಮಾಡಬೇಕೋ ತಿಳಿಯದೆ ಅವಳ ಬೆರಳ ತುದಿ ಮಾತ್ರ ಹಿಡಿದುಕೊಂಡ. ಅವಳು ಬೆರಳು ಎಳೆದುಕೊಳ್ಳಲಿಲ್ಲ.

"ಮೆಟ್ಟಿಲು ಹತ್ತಿ ಸುಸ್ತಾಗಿದ್ದೀಯ. ಕೂತ್ಕೋ, ನೀನು," ಎಂದ.

ಅಡುಗೆಮನೆಯಿಂದ ಅತ್ತಿಗೆಯ ದನಿ ಕೇಳಿಸಿತು: "ಓಹೋ, ಏಕವಚನಕ್ಕೆ ಬಂದಾಯ್ತಾ? ಹಾಗಾದ್ರೆ ಟೀ ಅಲ್ಲ, ಊಟಕ್ಕೇ ಇಡ್ತೀನಿ."