ನಾಲ್ಕನೇ ಮಿಷನ್ನಿನ ಕೆಂಪು ಶಾಯಿ

1974ರ ನವೆಂಬರ್ 6, ಬುಧವಾರ, ಬೆಳಗ್ಗೆ 9.20. ಮದ್ದೂರು ಠಾಣೆಗೆ ಬಂದ ದೂರುಗಳನ್ನು ಅಡ್ಡಡ್ಡ ಪೇರಿಸಿದರೆ ಛಾವಣಿ ಮುಟ್ಟುತ್ತದೆ. ಆದರೆ ಸತ್ತವರ ಮೇಲೆ ಬಂದ ದೂರು ಇದೊಂದೇ.

ತಂದವರು ಆಂಡಾಳಮ್ಮ. ಅವರ ಪತಿ ತಿರುನಾರಾಯಣ ಮೇಷ್ಟ್ರು ಪೇಟೆ ಬೀದಿಯಲ್ಲಿ ಇಪ್ಪತ್ತೆರಡು ವರ್ಷ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸಿದ್ದರು. ಅಲ್ಲಿನ ಹನ್ನೆರಡು ಮಿಷನ್ನು ಒಟ್ಟಿಗೆ ಬಡಿದರೆ ಶಿಂಷಾ ಹೊಳೆಯ ಮೀನುಗಳು ಗಾಬರಿಯಿಂದ ದಡಕ್ಕೆ ಹಾರುತ್ತಿದ್ದವು. ಬುಟ್ಟಿ ಹಿಡಿದು ಕಾದು ಕೂತವರೂ ಇದ್ದರು. ಮೇಷ್ಟ್ರು ಅಕ್ಟೋಬರ್ 15ರಂದು ಎದೆನೋವಿನಿಂದ ತೀರಿಕೊಂಡರು.

"ದೂರು ಯಾರ ಮೇಲಮ್ಮ?" ಸಬ್ ಇನ್‌ಸ್ಪೆಕ್ಟರ್ ಚಲುವರಾಜು ಕೇಳಿದರು.

"ಯಾರ ಮೇಲೆ ಅಂತ ಬರೆಸಲಿ? ಅಕ್ಷರ ನಮ್ಮನೆಯವರದ್ದು."

ಆಂಡಾಳಮ್ಮ ಹತ್ತು ಹಾಳೆ ಮೇಜಿನ ಮೇಲೆ ಹರವಿದರು. ಒಂದೊಂದೂ ಹತ್ತು ನಿಮಿಷದ ಟೈಪಿಂಗ್ ಟೆಸ್ಟು. ತಪ್ಪುಗಳಿಗೆ ಕೆಂಪು ಶಾಯಿಯ ಸೊನ್ನೆ. ಮೇಲ್ಗಡೆ ಕೆಂಪಿನಲ್ಲೇ, ಎಷ್ಟನೇ ಟೆಸ್ಟು ಎಂಬ ಅಂಕಿ. 88ರಿಂದ 97ರವರೆಗೆ.

ಹದಿಮೂರನೆಯ ದಿನದ ಕಾರ್ಯ ಮುಗಿಸಿ, ಅಕ್ಟೋಬರ್ 28ರ ಬೆಳಗ್ಗೆ ಏಳಕ್ಕೆ ಬೀಗ ತೆಗೆದಾಗ ನಾಲ್ಕನೇ ಮಿಷನ್ನಿನಲ್ಲಿ ಮೊದಲನೆಯದು ಸಿಕ್ಕಿತ್ತು. ಅಲ್ಲಿಂದ ದಿನಕ್ಕೊಂದು. ಬೀಗ ಬದಲಾಯಿಸಿದರೂ ನಿಲ್ಲಲಿಲ್ಲ.

ಮೇಷ್ಟ್ರ ಕಟ್ಟುಪಾಡು ಊರಿಗೆಲ್ಲ ಗೊತ್ತು. ನೂರು ಟೆಸ್ಟು ಬರೆಯದವನನ್ನು ಅವರು ಸರ್ಕಾರಿ ಪರೀಕ್ಷೆಗೆ ಕಳಿಸುತ್ತಿರಲಿಲ್ಲ. ಫೇಲಾದವನು ಮತ್ತೆ ಒಂದರಿಂದ ಶುರು ಮಾಡಬೇಕು. ತಿದ್ದಿದ ಹಾಳೆಯನ್ನು ಕೈಗೆ ಕೊಡುತ್ತಲೂ ಇರಲಿಲ್ಲ. ಮತ್ತೆ ಮಿಷನ್ನಿಗೇ ಏರಿಸಿಡುತ್ತಿದ್ದರು. ಶಿಷ್ಯ ಮರುದಿನ ಬಂದು ಕೂತು ತನ್ನ ತಪ್ಪು ತಾನೇ ನೋಡಬೇಕು. ಅಂದೇ ಹಾಳೆ ಎಳೆದುಕೊಂಡರೆ ಆ ಟೆಸ್ಟು ಲೆಕ್ಕಕ್ಕಿಲ್ಲ.

"ಶನಿವಾರಕ್ಕೆ ನೂರಾಗತ್ತೆ. ನೂರರ ದಿನ ಅವರು ಯಾರನ್ನೋ ಜೊತೆಗೆ ಕರ್ಕೊಂಡು ಹೋಗ್ತಾರಂತೆ, ಪೇಟೆಯೆಲ್ಲ ಇದೇ ಮಾತು. ಭಾನುವಾರ ಮಂಡ್ಯದಲ್ಲಿ ಪರೀಕ್ಷೆ. ಕಟ್ಟಿರೋ ಹನ್ನೊಂದು ಜನದಲ್ಲಿ ಒಬ್ಬರೂ ಮಿಷನ್ ಮುಟ್ತಿಲ್ಲ." ಆಂಡಾಳಮ್ಮ ಹಾಳೆಗಳ ಅಂಚು ಸರಿಮಾಡಿದರು. "ಇವರೆಲ್ಲ ಪರೀಕ್ಷೆಗೆ ಹೋಗದಿದ್ರೆ ನಮ್ಮನೆಯವರ ಇಪ್ಪತ್ತೆರಡು ವರ್ಷ ಮಣ್ಣುಪಾಲು."

ಎಫ್.ಐ.ಆರ್. ದಾಖಲಾಯಿತು: ದಂಡ ಸಂಹಿತೆ ಕಲಂ 448, ಮನೆಗೆ ಅತಿಕ್ರಮ ಪ್ರವೇಶ. ಆರೋಪಿಯ ಹೆಸರಿನ ಜಾಗದಲ್ಲಿ ಕಾನ್‌ಸ್ಟೇಬಲ್ ಹೊನ್ನಯ್ಯನ ಪೆನ್ನು ನಿಂತಿತು. ಹೊನ್ನಯ್ಯನ ಮೀಸೆಯ ಎರಡು ತುದಿಗೂ ಒಬ್ಬೊಬ್ಬ ಕಳ್ಳ ನೇತಾಡಬಹುದಿತ್ತು. ಈಗ ಅದೇ ಮೀಸೆ ನಡುಗುತ್ತಿತ್ತು.

"ಸಾ, ದೆವ್ವಕ್ಕೆ ಏನಂತ ಬರೀಲಿ?"

"ಅಪರಿಚಿತ ಅಂತ ಬರಿಯಲಾ."

"ಅಪರಿಚಿತ ಯೆಂಗಾದಾರು ಸಾ? ನಮ್ಮೂರ ಮೇಷ್ಟ್ರೇ ಅಲ್ವ್ರಾ."

10.45ಕ್ಕೆ ಸ್ಥಳ ಪಂಚನಾಮೆ. ಪಂಚ, ಎದುರಿನ ಹೋಟೆಲಿನ ಶಿವಣ್ಣ. ಹನ್ನೊಂದು ಮಿಷನ್ನುಗಳು ಕಪ್ಪು ಬಟ್ಟೆಯ ಮುಸುಕು ಹೊದ್ದು ತಲೆ ತಗ್ಗಿಸಿ ಕೂತಿದ್ದವು. ನಾಲ್ಕನೆಯದರ ಮುಸುಕು ಮಾತ್ರ ಮಡಿಸಿ ಪಕ್ಕದಲ್ಲಿಟ್ಟಿತ್ತು. ಹೊನ್ನಯ್ಯ ಟೇಪು ಹಿಡಿದು ಬಗ್ಗಿದ. ಲಾಠಿ ಎಲ್ಲಿಗೆ ತಗುಲಿತೋ, ನಾಲ್ಕನೆಯದರ ಮೇಲ್ಭಾಗ ತಾನಾಗಿ ಸರಿದು ಟಿಂಗ್ ಎಂದಿತು. ಮರುಕ್ಷಣ ಹೊನ್ನಯ್ಯ ಅಲ್ಲಿರಲಿಲ್ಲ. ಅವನು ನೆಲ ಮುಟ್ಟದೆ ಬೀದಿ ದಾಟಿ ಎದುರಿನ ಹೋಟೆಲಿನ ಒಲೆಯ ಮುಂದೆ ಇಳಿದನೆಂದು ಶಿವಣ್ಣ ಇಂದಿಗೂ ಆಣೆ ಮಾಡುತ್ತಾನೆ.

ಚಲುವರಾಜು ಮಾತ್ರ ಹಾಳೆಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ನಿಂತಿದ್ದರು. 89ರಿಂದ ಮುಂದಿನ ಪ್ರತಿ ಹಾಳೆಯಲ್ಲೂ ಬರಹ ಮುಗಿದ ಮೇಲೆ ಉಳಿದ ಖಾಲಿ ಜಾಗಕ್ಕೆ ಕೆಂಪು ಅಡ್ಡಗೆರೆ ಎಳೆದಿತ್ತು. ಗೆರೆಯ ತುದಿಯಲ್ಲಿ ಗಾಳದಂಥ ಕೊಕ್ಕೆ.

"ಮೇಷ್ಟ್ರು ಹೀಗೆ ಗೆರೆ ಎಳೀತಿದ್ರಾ ಅಮ್ಮ?"

"ಇಲ್ಲ. ಇಪ್ಪತ್ತೆರಡು ವರ್ಷದಲ್ಲಿ ನೋಡಿಲ್ಲ."

"ನಾಲ್ಕನೇ ಮಿಷನ್ನಿಗೆ ಯಾರ್ಯಾರು ಕೂರ್ತಾರೆ?"

"ಮೂರು ಜನ. ಶ್ರೀಮತಿ, ಸಂಪತ್ ಕುಮಾರ, ತಿಮ್ಮಯ್ಯ."

ಮೊದಲಿಬ್ಬರು ಈ ವರ್ಷ ಸೇರಿದವರು. ಹಾಜರಿ ಪುಸ್ತಕದಲ್ಲಿ ಮೂರನೆಯವನ ಹೆಸರಿನ ಮುಂದೆ ಹೀಗಿತ್ತು: ವಯಸ್ಸು 44, ಮನೆ ಮದ್ದೂರು, ಉದ್ಯೋಗ ಮಳವಳ್ಳಿ ಕೋರ್ಟಿನ ನಕಲು ಗುಮಾಸ್ತ. ಸೇರಿದ್ದು 1963.

ಕೋರ್ಟಿನ ನಕಲು ಕೈಯಲ್ಲಿ ಹಿಡಿದವರಿಗೆಲ್ಲ ಗೊತ್ತು: ಬರಹದ ಕೆಳಗೆ ಜಾಗ ಉಳಿದರೆ ಗುಮಾಸ್ತ ಅಡ್ಡಗೆರೆ ಎಳೆಯುತ್ತಾನೆ, ಬೇರೆ ಯಾರೂ ಏನನ್ನೂ ಸೇರಿಸಬಾರದೆಂದು. ವರ್ಷಗಟ್ಟಲೆ ಎಳೆದ ಕೈ ಎಲ್ಲಿ ಖಾಲಿ ಕಂಡರೂ ಎಳೆಯುತ್ತದೆ.

ನವೆಂಬರ್ 7, ಗುರುವಾರ. ಚಲುವರಾಜು ಬಸ್ಸಿನಲ್ಲಿ ಮಳವಳ್ಳಿ ಕೋರ್ಟಿಗೆ ಹೋಗಿ ತಿಮ್ಮಯ್ಯ ಬರೆದ ಹಳೆಯ ನಕಲೊಂದನ್ನು ನೋಡಿದರು. ಅದೇ ಗೆರೆ, ಅದೇ ಕೊಕ್ಕೆ.

"ಅವನ ಕೈ ಅಂದ್ರೆ ಏನು ಅಂದ್ಕೊಂಡ್ರಿ?" ಶಿರಸ್ತೇದಾರರು ಮೀಸೆ ತಿರುವಿದರು. "ಯಾರ ಅಕ್ಷರ ಕೊಟ್ರೂ ಅಚ್ಚು ತೆಗೆದ ಹಾಗೆ ಬರೀತಾನೆ. ನಕಲನ್ನೇ ಅಸಲು ಅಂತ ಮಡಗಿ ಅಸಲನ್ನ ಕಸದ ಬುಟ್ಟಿಗೆ ಹಾಕಿದ್ದೀವಿ. ಏನ್ ಮಾಡೋದು, ಜನವರಿಯಿಂದ ಕೈನಕಲು ಬಂದ್. ಟೈಪಿಂಗ್ ಪಾಸಾಗದಿದ್ರೆ ಅವನು ಮನೆಗೆ. ಒಂಬತ್ತು ಸಲ ಫೇಲಾಗಿದಾನೆ ಬಡವ."

ಗೆರೆಯೊಂದರಿಂದ ಕೇಸು ನಿಲ್ಲುವುದಿಲ್ಲ, ಕೈಯೇ ಸಿಗಬೇಕು. ಶುಕ್ರವಾರ ಬೆಳಗಿನ 5.30ರಿಂದ ಚಲುವರಾಜು, ಹೊನ್ನಯ್ಯ ಇಬ್ಬರೂ ಹೋಟೆಲಿನ ಜಗುಲಿಯಲ್ಲಿ ಕೂತು ಬೀಗ ಹಾಕಿದ ಬಾಗಿಲನ್ನೇ ನೋಡುತ್ತಿದ್ದರು. ಯಾರೂ ಬರಲಿಲ್ಲ.

5.48ಕ್ಕೆ ಬೀಗದ ಹಿಂದೆ ಮಿಷನ್ನು ಬಡಿಯತೊಡಗಿತು.

ಹೊನ್ನಯ್ಯ ಚಲುವರಾಜರ ತೋಳನ್ನು ಎಷ್ಟು ಬಿಗಿಯಾಗಿ ಹಿಡಿದನೆಂದರೆ ಬೆರಳಿನ ಗುರುತು ಯುಗಾದಿಯವರೆಗೂ ಇತ್ತು. "ಸಾ, ಮೇಷ್ಟ್ರೇ ಕಣ್ ಸಾ. ಬುಟ್ಬುಡಿ, ಓಗವ."

ಬೀದಿ ಕೊನೆಯ ಮನೆಯಲ್ಲಿ ಆಂಡಾಳಮ್ಮನನ್ನು ಎಬ್ಬಿಸಿ ಬೀಗದ ಕೈ ತರುವಷ್ಟರಲ್ಲಿ ಸದ್ದು ನಿಂತಿತ್ತು. ಒಳಗೆ ಯಾರೂ ಇಲ್ಲ. ನಾಲ್ಕನೆಯದರಲ್ಲಿ 99. ಚಲುವರಾಜು ಅಂಕಿಯ ಮೇಲೆ ಬೆರಳಿಟ್ಟರು, ಬೆರಳು ಕೆಂಪಾಯಿತು.

ಆಗ ಹಿತ್ತಲ ಬಾಗಿಲು ನೋಡಿದರು. ಮರದ ಅಗುಳಿ ಹಾಕಿದಂತೆಯೇ ಇತ್ತು. ಆದರೆ ಅದರ ಅಡಿಯಲ್ಲಿ, ಬಾಗಿಲಿನ ಸಂದಿಗೆ ನೇರವಾಗಿ, ಹೊಸ ಗೀರುಗಳು. ತೆಳ್ಳಗಿನ ಕಬ್ಬಿಣ ತೂರಿಸಿದರೆ ಅಗುಳಿ ಏಳುತ್ತದೆ, ಬಿಟ್ಟರೆ ತಾನೇ ಬೀಳುತ್ತದೆ.

ನವೆಂಬರ್ 9, ಶನಿವಾರ, 5.40. ಇಬ್ಬರೂ ಒಳಗೇ, ಮುಸುಕು ಹೊದ್ದ ಮಿಷನ್ನುಗಳ ಹಿಂದೆ ಕುಕ್ಕರುಗಾಲಲ್ಲಿ ಕೂತಿದ್ದರು. ಸಂದಿಯಿಂದ ಸ್ಟೀಲ್ ಸ್ಕೇಲೊಂದು ನಾಲಿಗೆಯಂತೆ ಒಳಬಂತು. ಅಗುಳಿ ಸದ್ದಿಲ್ಲದೆ ಎದ್ದಿತು. ಬಡಕಲು ಮನುಷ್ಯನೊಬ್ಬ ಚಪ್ಪಲಿ ಹೊರಗೆ ಬಿಟ್ಟು ಬಂದ. ಮೇಷ್ಟ್ರ ಖಾಲಿ ಕುರ್ಚಿಗೆ ಕೈಮುಗಿದ. ಹಿಂದಿನ ದಿನದ ಹಾಳೆಯನ್ನು ಪೊಲೀಸರು ಬೇಕೆಂದೇ ಅಲ್ಲೇ ಬಿಟ್ಟಿದ್ದರು. ಅದನ್ನು ಓದಿದ, ತಪ್ಪಿದ ಪದಗಳನ್ನು ತುಟಿಯಲ್ಲೇ ಹೇಳಿಕೊಂಡ. ಗಡಿಯಾರ ಬಿಚ್ಚಿ ಪಕ್ಕದಲ್ಲಿಟ್ಟು ಬಡಿಯತೊಡಗಿದ.

ಹೊನ್ನಯ್ಯ ಏಳಹೋದ. ಚಲುವರಾಜು ಅವನ ಹೆಗಲು ಒತ್ತಿ ಹಿಡಿದರು. ಹತ್ತು ನಿಮಿಷವೂ ಹಿಡಿದಿದ್ದರು.

ಕೈ ನಿಂತಿತು. ಜೇಬಿನಿಂದ ಕೆಂಪು ಪೆನ್ನು ಹೊರಬಂತು.

"ಅಷ್ಟಕ್ಕೇ ನಿಲ್ಲಿಸು, ತಿಮ್ಮಯ್ಯ."

ಅವನು ಬೆಚ್ಚಲಿಲ್ಲ. "ಒಂದು ಗಳಿಗೆ ಸ್ವಾಮಿ. ತಿದ್ಬುಡ್ತೀನಿ."

ದಸ್ತಗಿರಿ, ಬೆಳಗ್ಗೆ 6.04. ಆಂಡಾಳಮ್ಮನೂ ಶಿವಣ್ಣನೂ ಬಂದರು. ವಿಚಾರಣೆ ಅಲ್ಲೇ ನಡೆಯಿತು.

"ಹಗಲು ಬಂದು ಅಭ್ಯಾಸ ಮಾಡೋಕೆ ಏನಾಗಿತ್ತು?"

"ಏಳಕ್ಕೆ ಬಾಗ್ಲು ತೆಗೀತಾರೆ, ಏಳಕ್ಕೇ ನನ್ನ ಬಸ್ಸು. ಮೇಷ್ಟ್ರಿದ್ದಾಗ ನಂಗೋಸ್ಕರ ಬೇಗ ತೆಗೀತಿದ್ರು. ಆಗತಾನೇ ಗಂಡನ್ನ ಕಳ್ಕಂಡ ಅಮ್ಮನ್ನ ಯಾವ ಬಾಯಲ್ಲಿ ಕೇಳಾನ?"

"ಹದಿಮೂರು ಹಾಳೆ. ಎಲ್ಲ ನಿನ್ನದೇ?"

"ಅನ್ನೆರಡು ನಂದು. ಎಂಬತ್ತೆಂಟು ಮೇಷ್ಟ್ರದು."

ಹೊನ್ನಯ್ಯ ಬಾಗಿಲ ಕಡೆಗೆ ಒಂದು ಹೆಜ್ಜೆ ಇಟ್ಟ.

"ಮೇಷ್ಟ್ರು ಸಾಯೋ ಮುಂಚಿನ ದಿನ ನಾನು ಬರೆದಿದ್ದು ಸ್ವಾಮಿ. ಅವತ್ತು ಸಂಜೆ ತಿದ್ದಿ ಮಿಷನ್ನಿಗೆ ಏರ್ಸವ್ರೆ. ಆಮೇಲೆ ಬೀಗ ಬಿತ್ತು. ಕಾರ್ಯ ಆದ ಮಾರನೇ ದಿನ, ನಾಲ್ಕನೇದನ್ನ ಒಂದ್ಸಲ ಮುಟ್ಟಿ ಓಗಾನ ಅಂತ ಇತ್ಲ ಬಾಗ್ಲಿಂದ ಬಂದೆ. ನಂಗೋಸ್ಕರ ಕಾಯ್ತಾ ಇತ್ತು. ಓದ್ಕಂಡು ಅಲ್ಲೇ ಬುಟ್ಟು ಓದೆ, ಮಾರನೇ ದಿನದಿಂದ ಬರ್ಯಾಕೆ ಸುರು ಮಾಡ್ದೆ."

ಚಲುವರಾಜು 88ನ್ನು ತೆಗೆದರು. ಗೆರೆ ಇಲ್ಲದ ಒಂದೇ ಹಾಳೆ. ಮೂಲೆಯಲ್ಲಿ ಸಣ್ಣ ಕೆಂಪಕ್ಷರ: "ಇನ್ನು ಹನ್ನೆರಡು. ಬಿಡಬೇಡ."

"ನೀನು ಬರೆದದ್ದು ಸರಿ. ಅವರ ಅಕ್ಷರದಲ್ಲಿ ಯಾಕೆ ತಿದ್ದಿದೆ?"

ತಿಮ್ಮಯ್ಯ ಕೆಂಪು ಪೆನ್ನನ್ನು ಮೇಜಿನ ಮೇಲಿಟ್ಟ. "ನನ್ನ ಕೈಲಿ ತಿದ್ದುದ್ರೆ ನಂಗೆ ನಾನೇ ತಪ್ಪು ಬುಟ್ಬುಡ್ತೀನಿ ಸ್ವಾಮಿ. ಅವರ ಕೈ ಬುಡಾಕಿಲ್ಲ. ಇಪ್ಪತ್ತು ವರ್ಷ ಕಂಡೋರ ಅಕ್ಷರ ಬರ್ದಿವ್ನಿ. ಇದೊಂದೇ ನಂಗೆ ಕೆಲಸಕ್ಕೆ ಬಂದಿದ್ದು."

ಜಾಮೀನಿಗೆ ಅವಕಾಶವಿರುವ ಕಲಂ. ಶಿವಣ್ಣ ಜಾಮೀನು ನಿಂತ. ಅವನ ಬಾಯಿಯ ವೇಗಕ್ಕೆ ಮೈಸೂರು ರೈಲು ಸಾಟಿಯಲ್ಲ. ಎಂಟು ಗಂಟೆಯೊಳಗೆ ಪೇಟೆಗೆಲ್ಲ ಸುದ್ದಿ ಮುಟ್ಟಿ, ಹತ್ತಕ್ಕೆ ಉಳಿದ ಹತ್ತು ಜನವೂ ಬಂದರು. ಪರೀಕ್ಷೆಗೆ ಅವರವರ ಮಿಷನ್ನನ್ನು ಅವರೇ ಒಯ್ಯಬೇಕಿದ್ದ ಕಾಲ. ಎತ್ತಿನ ಗಾಡಿಗೆ ಹುಲ್ಲು ಹಾಸಿ ಒಂದೊಂದಾಗಿ ಹೇರತೊಡಗಿದರು.

ತಿಮ್ಮಯ್ಯ ಮಾತ್ರ ಮೂಲೆಯಲ್ಲೇ ನಿಂತಿದ್ದ. "ನೂರು ಆಗ್ಲಿಲ್ಲ ಅಮ್ಮ. ತಿದ್ದದೆ ಇರೋದು ಲೆಕ್ಕಕ್ಕಿಲ್ಲ."

"ತಿದ್ದು, ನಾವೇನು ಬೇಡ ಅಂದ್ವಾ?" ಚಲುವರಾಜು ಪೆನ್ನು ಕೊಟ್ಟರು. ಅಷ್ಟು ಜನರ ಮುಂದೆ ಅವನ ಕೈಗೆ ಮೇಷ್ಟ್ರ ಅಕ್ಷರ ಬರಲಿಲ್ಲ.

ಆಂಡಾಳಮ್ಮ ಪೆನ್ನು ಇಸಿದುಕೊಂಡರು. ಗಂಡನ ಕುರ್ಚಿಯಲ್ಲಿ ಕೂತು, ಇಪ್ಪತ್ತೆರಡು ವರ್ಷ ಮನೆಯಿಂದ ಬರೀ ಸದ್ದು ಕೇಳಿದ್ದ ಆ ಬರಹವನ್ನು ಮೊದಲ ಸಲ ಸಾಲುಸಾಲಾಗಿ ಓದಿದರು. ಅಲ್ಲಲ್ಲಿ ಸೊನ್ನೆ ಸುತ್ತಿದರು. ಎಷ್ಟು ಎಂದು ಅವನಿಗೆ ಕಾಣದಂತೆ ಅಂಗೈ ಅಡ್ಡ ಹಿಡಿದಿದ್ದರು. ಮೇಲೆ 100 ಎಂದು ಬರೆದು ಹಾಳೆಯನ್ನು ನಾಲ್ಕನೆಯದಕ್ಕೆ ಏರಿಸಿ, ಮುಸುಕು ಹೊದಿಸಿ ಗಂಟು ಹಾಕಿದರು.

"ನಾಳೆ ಮಂಡ್ಯದಲ್ಲಿ ಬಿಚ್ಚಿ ನೋಡ್ಕೋ. ಇವತ್ತು ಮುಟ್ಟಿದರೆ ಲೆಕ್ಕಕ್ಕಿಲ್ಲ."

ಮಧ್ಯಾಹ್ನ 1.15ಕ್ಕೆ ಗಾಡಿ ಹೊರಟಿತು. ತಿಮ್ಮಯ್ಯ ಹಿಂದೆ ನಡೆದ, ಮುಸುಕಿನ ಮೇಲೆ ಒಂದು ಕೈ ಇಟ್ಟುಕೊಂಡು. ಒಳಗೆ, ಹಾಳೆಯ ಕೆಳಗಿನ ಅರ್ಧ ಖಾಲಿಯಿತ್ತು. ಅಲ್ಲಿ ಯಾರೂ ಗೆರೆ ಎಳೆದಿರಲಿಲ್ಲ.