ನೋಡದೆ ಬರೆದ ನಕ್ಷೆ

ಸಂಘಮಿತ್ರಾ ನಗುವಾಗ ಮೊದಲು ಎಡಗಣ್ಣು ಕಿರಿದಾಗುತ್ತದೆ, ಆಮೇಲೆ ತುಟಿ ಅರಳುತ್ತದೆ. ಶಿರಾದ ಡಿಗ್ರಿ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಎರಡು ವರ್ಷ ಅವಳ ಎದುರು ಕೂತು ನಾನು ಮಾಡಿದ ಸಂಶೋಧನೆ ಇದೊಂದೇ.

ಇಬ್ಬರೂ ಭೂಗೋಳದ ಅತಿಥಿ ಉಪನ್ಯಾಸಕರು. ಭೌಗೋಳಿಕ ಚಿಂತನೆಯ ಇತಿಹಾಸ ಎಂಬ ಪತ್ರಿಕೆಯನ್ನು ಹಂಚಿಕೊಂಡಿದ್ದೆವು. ನೆಲ ಮತ್ತು ಹವೆಯೇ ಮನುಷ್ಯನನ್ನು ರೂಪಿಸುತ್ತವೆ ಎನ್ನುವ ನಿಯತಿವಾದ ನನ್ನ ಪಾಲಿಗೆ. ನೆಲ ದಾರಿಗಳನ್ನಷ್ಟೇ ಕೊಡುತ್ತದೆ, ಆರಿಸುವವನು ಮನುಷ್ಯ ಎನ್ನುವ ಸಂಭವವಾದ ಅವಳ ಪಾಲಿಗೆ.

"ರಂಗೇಶ್ ಸಾರ್, ಇವತ್ತು ಲೇಟಾಗಿದ್ದಕ್ಕೆ ಯಾವ ಹವಾಮಾನ ಕಾರಣ?"

"ನಮ್ಮೂರು ಮಧುಗಿರಿ ಕಡೆದಲ್ವಾ, ಅಲ್ಲಿನ ಬಿಸಿಲು ಮೇಡಂ. ನನ್ನ ಕೈಲೇನೂ ಇರ್ಲಿಲ್ಲ."

"ಎಂಟು ಗಂಟೆ ಬಸ್ ಹತ್ತೋದು ನಿಮ್ಮ ಕೈಲೇ ಇತ್ತಲ್ವಾ?" ಎನ್ನುತ್ತಿದ್ದಳು, ಎಡಗಣ್ಣು ಕಿರಿದು ಮಾಡಿ.

ಫೆಬ್ರವರಿಯಲ್ಲಿ ಅವಳು ಹೊಸ ಪಾಠ ಶುರುಮಾಡಿದಳು. ಊರನ್ನು ಅಳತೆಯಿಂದಲ್ಲ, ಅಲ್ಲಿ ಬದುಕಿದವರ ಮನಸ್ಸಿನಿಂದ ಅರಿಯಬೇಕು ಎಂದ ಚಿಂತಕರ ಪಾಠ. ವಿದ್ಯಾರ್ಥಿಗಳಿಗೆಲ್ಲ ಅವರವರ ಊರಿನ ನಕ್ಷೆಯನ್ನು ನೆನಪಿನಿಂದ ಬರೆಯಲು ಹೇಳಿ, ನನಗೂ ಒಂದು ಹಾಳೆ ಕೊಟ್ಟಳು.

"ನೀವೂ ಬರೀರಿ. ನಿಮ್ಮೂರು ಹೆಂಗೈತೆ ನೋಡೋಣ."

ನನಗೆ ಅಷ್ಟೇ ಸಾಕಾಯಿತು. ಮೂರು ಸಂಜೆ ಕೂತು ಬರೆದೆ. ಕೆರೆ ಏರಿ, ಹುಣಸೆ ತೋಪು, ಸ್ಕೂಲು, ಹಾಲಿನ ಡೇರಿ, ನಮ್ಮ ಮನೆ, ಅದರ ಜಗಲಿಯಲ್ಲಿ ಇಬ್ಬರು ಕೂರುವಷ್ಟು ಜಾಗ. ಆ ಜಾಗದಲ್ಲಿ ಅವಳ ಹೆಸರಿನ ಮೊದಲ ಅಕ್ಷರ ಹಾಕಿದೆ. ಅಮ್ಮನಿಗೂ ಹೇಳಿಬಿಟ್ಟಿದ್ದೆ. ಪಾವಗಡದವರು, ಬೌದ್ಧರು ಎಂದಾಗ ಒಂದು ವಾರ ಮಾತು ಬಿಟ್ಟು, ಆಮೇಲೆ "ಕರ್ಕೊಂಡ್ ಬಾ, ನೋಡಾನ" ಅಂದಿದ್ದಳು. ಇನ್ನು ಸಂಘಮಿತ್ರಾ ಹೂಂ ಅನ್ನುವುದೊಂದೇ ಬಾಕಿ.

ಅವಳು ನಕ್ಷೆಯನ್ನು ತುಂಬ ಹೊತ್ತು ನೋಡಿದಳು. ಜಗಲಿಯ ಮೇಲಿನ 'ಸಂ' ಸಿಕ್ಕಾಗ ಮುಖ ಕೆಂಪಾಗಿ, ನನ್ನತ್ತ ಒಮ್ಮೆ ನೋಡಿ ತಲೆ ತಗ್ಗಿಸಿದಳು. ನಂತರ ಅವಳ ಬೆರಳು ಹಾಳೆಯ ಮೂಡಣ ಅಂಚಿಗೆ ಹೋಗಿ ನಿಂತಿತು.

"ಡೇರಿ ಆದ್ಮೇಲೆ ಏನೂ ಇಲ್ವಾ?"

"ಇಲ್ಲ. ಅಲ್ಲಿಗೆ ಊರು ಮುಗೀತು."

"ನಮ್ಮಮ್ಮ ಹುಟ್ಟಿದ್ದು ಅಲ್ಲೇ ಸಾರ್. ಡೇರಿ ಆಚೆ, ಕಾಲೋನಿಲಿ. ನಮ್ಮಜ್ಜಿ ಈಗ್ಲೂ ಅಲ್ಲೇ ಅವ್ರೆ. ನಿಮ್ಮ ನಕ್ಷೇಲಿ ಆ ಬೀದಿ ಸಿಕ್ಕಿದ ತಕ್ಷಣ ಹೇಳಾಣ ಅಂತ ಕಾಯ್ತಿದ್ದೆ."

ನಾನು ಬೇಕೆಂದು ಬಿಟ್ಟಿದ್ದಲ್ಲ. ಬೇಕೆಂದು ಬಿಟ್ಟಿದ್ದರೆ ಕ್ಷಮೆ ಕೇಳುವುದಾದರೂ ಸುಲಭವಿತ್ತು. ನಲವತ್ತು ಮನೆಗಳು ನನ್ನ ತಲೆಗೇ ಬಂದಿರಲಿಲ್ಲ. ನಾಚಿಕೆಯಿಂದ ಅವಳ ಮುಖ ನೋಡಲಾಗಲಿಲ್ಲ.

ಭಾನುವಾರ ಹೊಸ ಹಾಳೆ ಹಿಡಿದು ಕಾಲೋನಿಗೆ ಹೋದೆ. ಮೂವತ್ತೊಂದು ವರ್ಷ ಅದೇ ಊರಲ್ಲಿದ್ದವನಿಗೆ ಒಳದಾರಿ ಗೊತ್ತಿರಲಿಲ್ಲ. ಅವಳ ಅಜ್ಜಿ ಈಶ್ವರಮ್ಮ ಬಾಗಿಲಲ್ಲೇ ಕೂತಿದ್ದರು.

"ಯಾರ ಮಗನಪ್ಪ? ದಾರಿ ತಪ್ಪಿ ಬಂದ್ಬುಟ್ಟಾ?"

"ಇಲ್ಲಜ್ಜಿ. ನಿಮ್ಮ ಬೀದಿ ಬರ್ಕೊಳ್ಳೋಕೆ ಬಂದೆ."

"ಬರ್ಕೊ. ಅದೇನ್ ಓಡೋಗಲ್ಲ."

ಚೊಂಬಿನಲ್ಲಿ ನೀರು ತಂದವರು ಕೊಡಲೋ ಬೇಡವೋ ಎಂದು ನಿಂತರು. ನಾನೇ ಕೈಚಾಚಿ ತೆಗೆದುಕೊಂಡು ಕುಡಿದೆ. ಸಂಜೆಯವರೆಗೆ ಮನೆ ಮನೆಗೂ ಹೋಗಿ, ಹೆಸರು ಕೇಳಿ ಗುರುತಿಸಿದೆ.

ಅಷ್ಟರಲ್ಲಿ ಸಂಘಮಿತ್ರಾ ಪಾವಗಡದ ಕಾಲೇಜೊಂದಕ್ಕೆ ಸೇರುವುದು ಗೊತ್ತಾಗಿತ್ತು. ಕೊನೆಯ ದಿನ ಶಿರಾ ಬಸ್‌ಸ್ಟ್ಯಾಂಡಿನಲ್ಲಿ ಹೊಸ ನಕ್ಷೆ ಕೊಟ್ಟೆ. ಒಂದೊಂದು ಮನೆಯ ಮೇಲೂ ಬೆರಳಿಟ್ಟು ನೋಡಿದಳು. ಕಣ್ಣು ತುಂಬಿ ಬಂತು.

"ಒಂದು ಮನೇನೂ ಬಿಟ್ಟಿಲ್ಲ."

"ಹಂಗಾದ್ರೆ ಹೋಗ್ಬೇಡಿ."

"ನಂಗೆ ನೀವಂದ್ರೆ ಇಷ್ಟ, ರಂಗೇಶ್." ಸಾರ್ ಎನ್ನದೆ ಕರೆದದ್ದು ಅದೇ ಮೊದಲು. "ಸುಳ್ಳು ಹೇಳಲ್ಲ, ತುಂಬ ಇಷ್ಟ. ಆದ್ರೆ ಇದನ್ನ ಹೋಗಿ ನೋಡ್ಕೊಂಡು ಬರ್ದಿದೀರಿ. ಮೊದಲನೇದು ನೆನಪಿಂದ ಬರ್ದಿದ್ದು, ಅದ್ರಲ್ಲಿ ನಮ್ಮೋರು ಇರ್ಲಿಲ್ಲ."

"ಕಲೀತೀನಿ ಸಂಘಮಿತ್ರಾ."

"ಕಲೀರಿ. ನಿಮ್ಗೆ ಪಾಠ ಆಗೋಕೆ ನಂಗಿಷ್ಟ ಇಲ್ಲ."

ಬಸ್ ಹತ್ತಿ ಕೂತವಳು ಕಿಟಕಿಯಿಂದ ಕೈ ಚಾಚಿದಳು. ಎರಡು ವರ್ಷದಲ್ಲಿ ಮೊದಲ ಸಲ ಆ ಕೈ ಹಿಡಿದೆ. ಡ್ರೈವರ್ ಗೇರ್ ಹಾಕಿ ಬಸ್ಸು ಮುಂದಕ್ಕೆ ಹೋಗುವವರೆಗೂ ಇಬ್ಬರೂ ಬಿಡಲಿಲ್ಲ.