ಅಜ್ಜಿಯ ಹೊಸ ಹಲ್ಲು

ಬಸ್ಸು ಗಕ್ಕನೆ ಬ್ರೇಕ್ ಹಾಕಿತು. ಊಟದ ಬುಟ್ಟಿ ಹಿಡಿದು ನಿಂತಿದ್ದ ಅವಳು ಮುಗ್ಗರಿಸಿ ಹೋಗಿ ಬಿದ್ದದ್ದು ಯಾರ ಎದೆಯ ಮೇಲೆ ಅಂತೀರಿ?

ಈ ಜನ್ಮದಲ್ಲಿ ಇನ್ನು ಯಾರ ಮುಖ ನೋಡಬಾರದು ಎಂದು ಶಪಥ ಮಾಡಿದ್ದಳೋ, ಅವನ ಎದೆಯ ಮೇಲೆ!

"ನೀವಾ...?"

"ನೀವಾ...?"

ಕಿಟಕಿ ಪಕ್ಕ ಕೂತಿದ್ದ ಅಜ್ಜಿ ಕತ್ತು ಉದ್ದ ಮಾಡಿದರು. "ಯಾರೇ ಅದು?"

"ಯಾರೂ ಇಲ್ಲ ಅಜ್ಜಿ!" ಎಂದು ಅವಳು ಸಿಡುಕಿದಳು. ಆರಡಿ ಎತ್ತರದ ಮನುಷ್ಯ ಎದುರಿಗೇ ನಿಂತಿದ್ದ ಪಾಪ.

ಅವಳು ಹಲ್ಲಿನ ಸೆಟ್ ಮಾಡುವ ಲ್ಯಾಬಿನವಳು. ಅದೇ ಕಟ್ಟಡದ ಕೆಳಗೆ ಅವನ ಕನ್ನಡಕದ ಅಂಗಡಿ. ಒಂದು ವರ್ಷ ಇಬ್ಬರೂ ಮೆಟ್ಟಿಲ ಮೇಲೆ ಕೂತು ಮಧ್ಯಾಹ್ನದ ಊಟ ಹಂಚಿಕೊಂಡು ತಿಂದಿದ್ದರು. ಮೂರು ವಾರದ ಹಿಂದೆ ಅವನು ಡಬ್ಬಿ ಮುಚ್ಚುತ್ತಾ, "ನಿಮ್ಮ ಜೊತೇಲೇ ಮುದುಕ ಆಗ್ಬೇಕು ಅನ್ಸುತ್ತೆ ರೀ..." ಅಂದುಬಿಟ್ಟಿದ್ದ. ಅವಳು ನಾಚಿ ಮೇಲಕ್ಕೆ ಓಡಿದ್ದಳು. ಮನೆಗೆ ಹೋಗಿ ನಾಲ್ಕು ಪುಟ ಉತ್ತರ ಬರೆದಳು. ಮರುದಿನ ಅದನ್ನು ಲ್ಯಾಬಿನ ಬಿಳಿ ಡಬ್ಬಿಯಲ್ಲಿಟ್ಟು ಅವನ ಕೈಗೆ ತುರುಕಿ, ತಿರುಗಿಯೂ ನೋಡದೆ ಓಡಿದಳು.

ಅಷ್ಟೇ! ಆಮೇಲೆ ಆಸಾಮಿ ಮೆಟ್ಟಿಲ ಕಡೆ ತಲೆಯೂ ಹಾಕಲಿಲ್ಲ.

'ಮನಸ್ಸು ಬಿಚ್ಚಿ ಬರೆದುಕೊಟ್ಟರೆ ಒಂದು ಮಾತೂ ಆಡದೆ ಕೈ ತೊಳೆದುಕೊಂಡನಲ್ಲ! ಇಷ್ಟವಿಲ್ಲ ಅಂತಾದರೂ ಹೇಳಬಾರದಿತ್ತಾ?'

ಹಿಂದಿನ ಸೀಟಿನಲ್ಲಿದ್ದ ಅವಳ ಅಪ್ಪನಿಗೆ ಮಾತಾಡಲು ಯಾರಾದರೂ ಸಿಕ್ಕರೆ ಸಾಕು. "ಎಲ್ಲಿಗೆ ಹೊರಟಿದ್ದು? ನಾವು ಮನೆಮಂದಿಯೆಲ್ಲಾ ಕಾಡಿನ ಪಾರ್ಕಿಗೆ!"

"ನಾನೂ ಅಲ್ಲಿಗೇ ಸರ್. ಅಲ್ಲಿ ಗೋಪುರದ ಮೇಲಿರೋ ದುರ್ಬೀನಿನ ಗಾಜು ಮಂಜಾಗಿದೆಯಂತೆ, ಸರಿ ಮಾಡ್ಬೇಕು. ಇದೇ ಕೊನೇ ಕೆಲ್ಸ. ತಿಂಗಳ ಕೊನೆಗೆ ಅಂಗಡಿ ಖಾಲಿ ಮಾಡಿ ಬೇರೆ ಊರಿಗೆ ಹೋಗ್ತಿದ್ದೀನಿ."

ಅವಳ ಎದೆ ಧಸಕ್ಕೆಂದಿತು. ಹೋಗುತ್ತಾನಾ? ಒಂದು ಮಾತೂ ಹೇಳದೆ?

"ಅಯ್ಯೋ, ಹಾಗಾದ್ರೆ ಇವತ್ತು ನಮ್ಮ ಜೊತೇಲೇ ಊಟ!" ಅಂದರು ಅಪ್ಪ. ಅವಳು ಅಪ್ಪನನ್ನು ದುರುಗುಟ್ಟಿ ನೋಡಿದ್ದೇ ಬಂತು, ಅವರು ಆಗಲೇ ಅವನ ಭುಜದ ಮೇಲೆ ಕೈ ಹಾಕಿದ್ದರು.

ಕೆಲಸ ಮುಗಿಸಿ ಅವನು ಗೋಪುರದಿಂದ ಇಳಿದು ಬರುವಷ್ಟರಲ್ಲಿ ಅಮ್ಮ ಮರದ ಕೆಳಗೆ ಚಾಪೆ ಹಾಸಿ ತಟ್ಟೆ ಇಟ್ಟಿದ್ದರು. ಗೇಟಿನ ಹತ್ತಿರ ಕೊಂಡ ಸುಟ್ಟ ಜೋಳದ ತೆನೆ ಅಜ್ಜಿಯ ಕೈಯಲ್ಲಿತ್ತು.

"ಇವತ್ತು ಹೊಸ ಹಲ್ಲು ಹಾಕ್ಕೊಂಡೇ ತಿನ್ನೋದು! ಮೊಮ್ಮಗಳು ಕೈಯಾರೆ ಮಾಡಿದ್ದು, ಗೊತ್ತಾ?" ಎಂದು ಅಜ್ಜಿ ಕನ್ನಡಕದವನ ಮುಂದೆ ಜಂಬ ಕೊಚ್ಚಿದರು.

ಅಜ್ಜಿಯ ಸ್ವಭಾವವೇ ಹಾಗೆ. ಹೊಸ ಸೀರೆಯಾಗಲಿ ಹೊಸ ಚಪ್ಪಲಿಯಾಗಲಿ, ಹೊರಗೆ ಹೋಗುವ ದಿನ ಬರುವ ತನಕ ಮುಟ್ಟುವುದಿಲ್ಲ. ಹಲ್ಲಿನ ಡಬ್ಬಿಯನ್ನೂ ಮೂರು ವಾರದಿಂದ ಬಿಚ್ಚದೆ ಬೀರುವಿನಲ್ಲಿ ಜೋಪಾನ ಮಾಡಿದ್ದರು. ಈಗ ಮುಚ್ಚಳ ತೆಗೆದರು.

"ಇದೇನೇ! ಹಲ್ಲು ಕೊಡು ಅಂದ್ರೆ ಕಾಗದ ಕೊಟ್ಟಿದ್ದೀಯ!"

ಅಪ್ಪ ಕಾಗದ ಕಿತ್ತುಕೊಂಡು ಗಟ್ಟಿಯಾಗಿ ಓದತೊಡಗಿದರು. "'ನೀವು ಆಡಿದ ಮಾತು ಕೇಳಿದಾಗಿನಿಂದ ನನ್ನ ಕಾಲು ನೆಲದ ಮೇಲಿಲ್ಲ...' " ಅಪ್ಪ ಅಜ್ಜಿಯ ಕಡೆ ತಿರುಗಿದರು. "ಅಮ್ಮಾ, ನಿಂಗೇನಾ ಇದು ಬರೆದಿರೋದು?... 'ನೀವು ನಕ್ಕರೆ ನನಗೆ...'" ಅಪ್ಪ ತಟ್ಟನೆ ನಿಲ್ಲಿಸಿ ಕೆಮ್ಮಿದರು. "ನಾಲ್ಕು ಪುಟ ಇದೆ. ಮುಂದಿಂದು ಅಪ್ಪಂದಿರು ಓದೋವಂಥದ್ದಲ್ಲ."

ಅವಳ ಮುಖ ಕೆಂಪಾಯಿತು. ಆ ಬೆಳಿಗ್ಗೆ ಲ್ಯಾಬಿನ ಮೇಜಿನ ಮೇಲೆ ಒಂದೇ ಥರದ ಎರಡು ಬಿಳಿ ಡಬ್ಬಿಗಳಿದ್ದವು, ಒಂದರಲ್ಲಿ ಪತ್ರ, ಇನ್ನೊಂದರಲ್ಲಿ ಅಜ್ಜಿಯ ಹಲ್ಲು. ಅಯ್ಯೋ... ಹಾಗಾದರೆ ಇವನಿಗೆ ಕೊಟ್ಟದ್ದು?

ಅವನು ತನ್ನ ಸಲಕರಣೆಯ ಚೀಲಕ್ಕೆ ಕೈ ಹಾಕಿ ಒಂದು ಬಿಳಿ ಡಬ್ಬಿ ತೆಗೆದ. ಒಳಗೆ ಮೂವತ್ತೆರಡೂ ಹಲ್ಲು ಕಿಸಿದುಕೊಂಡು ಕೂತಿದ್ದವು.

"ನನ್ ಹಲ್ಲು!" ಅಜ್ಜಿ ಕಿರುಚಿದರು.

"ಮುದುಕ ಆಗ್ಬೇಕು ಅಂದಿದ್ದಕ್ಕೆ... 'ನೀನು ಆಗಲೇ ಮುದುಕ, ತಗೋ' ಅಂತ ಕೊಟ್ಟಿದ್ದೀರಿ ಅಂದ್ಕೊಂಡೆ ರೀ!" ಅಂದ ಅವನು. "ನಂಗೂ ಮೂವತ್ತೈದು ದಾಟ್ತು, ತಲೆ ನರೆತಿದೆ... ಹೌದಲ್ವಾ ಅನ್ನಿಸ್ತು."

ಅಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದು ನಗತೊಡಗಿದರು. ಅವಳಿಗೆ ಮಾತ್ರ ಕೆಂಡದಂಥ ಕೋಪ.

"ಹಾಗಂತ ಬಂದು ಕೇಳ್ಬಾರದಾಗಿತ್ತಾ?"

"ಏನಂತ ಕೇಳ್ಲಿ? ಈ ಹಲ್ಲಿನ ಅರ್ಥ ಏನು ಅಂತಾನಾ?"

"ಅಷ್ಟು ಬೇಜಾರಾಗಿದ್ರೆ ಬಿಸಾಕ್ಬೇಕಿತ್ತು! ಜೊತೇಲೇ ಯಾಕೆ ಹೊತ್ಕೊಂಡು ತಿರುಗ್ತಿದ್ದೀರಿ?"

ಅವನು ತಲೆ ತಗ್ಗಿಸಿದ. "ನೀವು ಮಾಡಿದ್ದಲ್ವಾ... ಮನಸ್ಸಾಗ್ಲಿಲ್ಲ."

ಅವಳ ಕೋಪವೆಲ್ಲ ಕರಗಿ ಕಣ್ಣಲ್ಲಿ ನೀರು ತುಂಬಿತು. ಇಷ್ಟು ದಿನ ಇಬ್ಬರೂ ಒಂದೇ ಕಟ್ಟಡದಲ್ಲಿ ಬೇರೆ ಬೇರೆ ಕೂತು ಅತ್ತಿದ್ದರು!

ಅಜ್ಜಿ ಹಲ್ಲನ್ನು ನೀರಲ್ಲಿ ಚೆನ್ನಾಗಿ ತೊಳೆದು ಹಾಕಿಕೊಂಡು ತೆನೆಗೆ ಬಾಯಿ ಹಾಕಿದರು. "ಸರಿಯಾಗಿ ಕೂತಿದೆ! ಏಳ್ರೋ, ಎಲ್ಲಾ ಏಳಿ, ಜಿಂಕೆ ನೋಡೋಣ."

"ಜಿಂಕೆ ಆಗ್ಲೇ ನೋಡಿದ್ವಲ್ಲಮ್ಮಾ?" ಅಂದ ಅಪ್ಪನನ್ನು ಅಮ್ಮ ತೋಳು ಹಿಡಿದು ಎಳೆದುಕೊಂಡು ಹೋದರು.

ಮರದ ಕೆಳಗೆ ಇಬ್ಬರೇ ಉಳಿದರು. ಪತ್ರ ಅವಳ ಕೈಯಲ್ಲಿತ್ತು.

"ಕೊಡಿ. ಅದು ನಂದು," ಅಂದ ಅವನು.

"ಕೊಡಲ್ಲ. ಊರಿಗೆಲ್ಲಾ ಓದಿ ಆಯ್ತಲ್ಲ, ಇನ್ಯಾಕೆ? ಬಾಯಲ್ಲೇ ಹೇಳ್ತೀನಿ." ಅವಳು ಉಸಿರೆಳೆದುಕೊಂಡಳು. "ನೀವಂದ್ರೆ ನಂಗಿಷ್ಟ. ತುಂಬಾ... ಮೂರು ವಾರದಿಂದ ಒಂದು ತುತ್ತು ನೆಟ್ಟಗೆ ಗಂಟಲಲ್ಲಿ ಇಳಿದಿಲ್ಲ. ಅಂಗಡಿ ಖಾಲಿ ಮಾಡ್ಬೇಡಿ."

"ಮಾಡಲ್ಲ."

"ಇನ್ನೊಂದ್ಸಲ ಹೀಗೆ ಮಾತು ಬಿಟ್ರೆ?"

"ಪ್ರಾಣ ಹೋದ್ರೂ ಬಿಡಲ್ಲ." ಅವನು ಮೆಲ್ಲಗೆ ಅವಳ ಕೈ ಹಿಡಿದ. "ಅಷ್ಟೇನಾ? ನಾಲ್ಕು ಪುಟ ಇದೆ ಅಂದ್ರು ನಿಮ್ಮಪ್ಪ..."

ಅವಳು ಅಳುತ್ತಲೇ ನಕ್ಕಳು.

"ಉಳಿದಿದ್ದು ವಾಪಸ್ ಹೋಗುವಾಗ. ನೀವು ಮೊದಲು ಬಸ್ಸು ಹತ್ತಿ ಪಕ್ಕದಲ್ಲಿ ನಂಗೊಂದು ಸೀಟು ಹಿಡೀರಿ."